ರಮಾನಾಥರ ಬಲಬಾಯಿ ಬಸವನಹುಳುಗಳು

ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ರಮಾನಾಥರ ಮನೆ ಯಾವುದೆಂದು ಕೇಳಿದರೆ ತರಕಾರಿ ಗಾಡಿಯವನೂ ಬೆರಳು ತೋರಿಸುತ್ತಿದ್ದ, "ಅಚ್ಛಾ, ಘೋಂಘೇವಾಲೇ ಬಾಬೂಜಿ" ಎಂದು. ಘೋಂಘಾ ಎಂದರೆ ನಮ್ಮ ಬಸವನಹುಳು. ಹಾಸನದ ಕಡೆಯ ಈ ಮನುಷ್ಯ ಪ್ರಾಣಿಶಾಸ್ತ್ರದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಚಿತ್ರಕಾರರಾಗಿದ್ದು, ಬರೆದದ್ದೆಲ್ಲ ಕೆರೆಕುಂಟೆಗಳ ಬಸವನಹುಳುಗಳನ್ನೇ. ಹುಲಿ, ನವಿಲು ಬರೆಯುವ ಭಾಗ್ಯ ಬೇರೆಯವರದ್ದು. ಅದಕ್ಕೆ ಅವರಿಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಹುಲಿಯನ್ನು ಹುಲಿಯೆಂದು ಯಾವ ದಡ್ಡನೂ ಗುರುತಿಸುತ್ತಾನೆ, ಬಸವನಹುಳುವಿಗೆ ತಲೆ ಬೇಕು ಎಂಬುದು ಅವರ ವಾದ.

ಗುರುತಿಸಲು ಒಂದು ಕ್ರಮವಿತ್ತು. ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಮ್ಮೆದುರಿಗೆ ಬರುವಂತೆ ಹಿಡಿಯಬೇಕು. ಬಾಯಿ ಬಲಕ್ಕಿದ್ದರೆ ಒಂದು ಪಂಗಡ, ಎಡಕ್ಕಿದ್ದರೆ ಇನ್ನೊಂದು. ಆಮೇಲೆ ಬಾಯಿಗೆ ಮುಚ್ಚಳವಿದೆಯೇ, ಸುರುಳಿ ಎಷ್ಟು ಎಂದು ನೋಡಬೇಕು. ಅಷ್ಟಕ್ಕೂ ಅನುಮಾನ ಉಳಿದರೆ ಬಿಸಿನೀರಿಗೆ ಹಾಕಿ, ಪಿನ್ನಿನಿಂದ ಹುಳುವನ್ನು ಹೊರಗೆಳೆದು, ಒಡಲು ಬಿಡಿಸಿ ಸೂಕ್ಷ್ಮದರ್ಶಕದಡಿ ಇಡಬೇಕು. ಈ ಪ್ರಾಣಿಗೆ ನಾಲಗೆಯ ಮೇಲೇ ಹಲ್ಲಿನ ಸಾಲುಗಳಿರುತ್ತವೆ ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದರು. "ನಿಮ್ಮ ಅಕ್ಕನಿಗೆ ಇರೋ ಹಾಗೆ" ಎಂದಿದ್ದರು ಅಮ್ಮಣ್ಣಿ. ಒಂದು ಭಾನುವಾರ ಹಾಲು ಕಾಯಿಸುವ ಪಾತ್ರೆಯಲ್ಲಿ ಹುಳುಗಳು ಮುಳುಗಿದ್ದನ್ನು ಕಂಡಾಗ ಮಾತ್ರ ಆಕೆ ಒಲೆ ಆರಿಸಿದರು. ಪಾತ್ರೆಯನ್ನೂ ಗಂಡನನ್ನೂ ಒಟ್ಟಿಗೆ ಬಾಲ್ಕನಿಗೆ ವರ್ಗ ಮಾಡಿದರು.

ನಿವೃತ್ತಿಗೆ ಒಂದು ತಿಂಗಳಿರುವಾಗ ಕಚೇರಿಯವರು ದೆಹಲಿ ಸುತ್ತಲಿನ ಕೊಳಗಳ ಬಸವನಹುಳುಗಳ ಕೈಪಿಡಿಯೊಂದನ್ನು ಅಚ್ಚು ಹಾಕಿಸಲು ಹೊರಟರು. ಬರೆದವರು ಮುಖ್ಯಾಧಿಕಾರಿ ಡಾಕ್ಟರ್ ಚಂದ್ರಮೋಹನ. ಮೊದಲ ಪುಟದಲ್ಲಿ ಅವರ ಹೆಸರಿನ ಕೆಳಗೆ 'ಚಿತ್ರಗಳು: ರಮಾನಾಥ' ಎಂದು ಬರುವುದಿತ್ತು. ಅಷ್ಟು ವರ್ಷ ರಮಾನಾಥರ ಚಿತ್ರಗಳು ಯಾರು ಯಾರದೋ ಹೆಸರಿನಡಿ ಅಚ್ಚಾಗಿದ್ದವು. ಈ ಒಂದು ಸಾಲು ಅವರಿಗೆ ಬೇಕಿತ್ತು, ತುಂಬಾ ಬೇಕಿತ್ತು. ಅಮ್ಮಣ್ಣಿಯಂತೂ ಕನ್ನಡ ಸಂಘದ ಹೆಂಗಸರಿಗೆಲ್ಲ ಆಗಲೇ ಡಂಗುರ ಸಾರಿದ್ದರು.

ಅಚ್ಚಿನ ಹಿಂದಿನ ದಿನ ರಮಾನಾಥರು ಬಣ್ಣ ಪರೀಕ್ಷಿಸಲು ಓಖ್ಲಾದ ಪ್ರೆಸ್ಸಿಗೆ ಹೋದರು. ಪುಟ ವಿನ್ಯಾಸ ಮಾಡಿದ್ದವಳು ಲಾವಣ್ಯಾ, ದೆಹಲಿಯಲ್ಲೇ ಬೆಳೆದ ಕನ್ನಡದವಳು. ಅವಳು ಕಂಪ್ಯೂಟರಿನಲ್ಲಿ ಪುಟ ತೆರೆದದ್ದೇ ರಮಾನಾಥರು ಪರದೆಯತ್ತ ಬಗ್ಗಿದರು. ಬಲಗಡೆ ಪುಟಗಳಲ್ಲಿ ಅವರು ಬಲಕ್ಕೆ ಬಾಯಿ ಇಟ್ಟು ಬರೆದಿದ್ದ ಬಸವನಹುಳುಗಳೆಲ್ಲ ಎಡಕ್ಕೆ ಬಾಯಿ ಬಿಟ್ಟುಕೊಂಡು ಕೂತಿದ್ದವು. ಹುಟ್ಟಾ ಎಡಬಾಯಿಯ ಒಂದೇ ಒಂದು ಬಡಪಾಯಿ, ಎಡಗಡೆ ಪುಟದಲ್ಲಿ, ಬಲಕ್ಕೆ ತಿರುಗಿತ್ತು.

"ಇವು ಯಾಕಮ್ಮಾ ಹೀಗೆ ತಿರುಗಿವೆ?"

"ನಾನೇ ಫ್ಲಿಪ್ ಮಾಡಿದ್ದು ಅಂಕಲ್. ಪೇಜಿಂದ ಹೊರಗೆ ನೋಡ್ತಾ ಇದ್ವು ನಾ. ಒಳಗೆ ನೋಡಿದ್ರೆ ಅಚ್ಛಾ ಲಗ್ತಾ ಹೈ."

"ಬಸವನಹುಳು ಯಾವ ಕಡೇನೂ ನೋಡಲ್ಲಮ್ಮ. ತಿರುಗಿಸಿದ್ರೆ ಅದು ಬೇರೆ ಪ್ರಾಣಿನೇ ಆಗ್ಬಿಡುತ್ತೆ. ನಿನ್ನ ಹೃದಯಾನ ಬಲಗಡೆಗೆ ಫ್ಲಿಪ್ ಮಾಡಿದ್ರೆ ಒಪ್ಕೋತೀಯಾ?"

ಲಾವಣ್ಯಾ ಮೌಸ್ ಬಿಟ್ಟಳು. "ಸಾರಿ ಅಂಕಲ್. ಬಟ್ ಡಾಕ್ಟರ್ ಸಾಹೇಬ್ರು ಎಲ್ಲಾ ಪೇಜ್ ಸೈನ್ ಮಾಡಿದ್ದಾರೆ. ಅವರ ಲೆಟರ್ ಇಲ್ದೆ ನಾನು ಮುಟ್ಟೋ ಹಾಗಿಲ್ಲ."

ನಿಜ, ಪ್ರತಿ ಪುಟದಡಿಯಲ್ಲೂ ಹಸಿರು ಶಾಯಿಯ ಸಹಿ ಇತ್ತು. ಬಸವನಹುಳುಗಳ ಮಹಾಪಂಡಿತರೆಂದು ಹೆಸರಾದ ಚಂದ್ರಮೋಹನರಿಗೆ ಬಸವನಹುಳುವಿನ ಎಡ ಬಲ ತಿಳಿದಿರಲಿಲ್ಲ, ಅಥವಾ ನೋಡದೆ ಸಹಿ ಎಳೆದಿದ್ದರು. ಎರಡರಲ್ಲಿ ಯಾವುದನ್ನು ಹೇಳಿದರೂ ಬೆಕ್ಕಿಗೆ ಗಂಟೆ ಕಟ್ಟಿದಂತೆಯೇ.

ಮರುದಿನ ಬೆಳಿಗ್ಗೆ ರಮಾನಾಥರು ಸಾಹೇಬರ ಕೋಣೆಯಲ್ಲಿ ಕೈಕಟ್ಟಿ ನಿಂತರು. "ಸಾರ್, ಚಿತ್ರಗಳಲ್ಲಿ ಒಂದು ತಪ್ಪಾಗಿದೆ."

"ನಾನು ನೋಡಿ ಸಹಿ ಮಾಡಿದೀನಿ ರಮಾನಾಥ್. ನಾನು ನೋಡಿದ್ದರಲ್ಲಿ ತಪ್ಪಿರುತ್ತಾ?"

ಸರ್ಕಾರಿ ಕಚೇರಿಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ರಮಾನಾಥರು ನೆಲ ನೋಡಿದರು. ತಪ್ಪು ಪುಸ್ತಕ ಹಿಡಿದು ಯಾವುದೋ ಕೊಳದ ದಡದಲ್ಲಿ ಕೂತು ಕಣ್ಣು ಕಣ್ಣು ಬಿಡುವ ವಿದ್ಯಾರ್ಥಿಗಳು ನೆನಪಾದರು.

"ಇಲ್ಲ ಸಾರ್. ನಾನೇ ತಪ್ಪು ಬರೆದಿದ್ದೆ. ನೀವು ನೋಡಿದ ಮೇಲೇ ನನಗೆ ಹೊಳೆದದ್ದು."

ಸಾಹೇಬರ ಮುಖ ಅರಳಿತು. "ಹಾಗನ್ನಿ. ನನಗೂ ಅನುಮಾನ ಇತ್ತು. ಬರೆದು ಕೊಡಿ."

'ನನ್ನ ಅಜಾಗರೂಕತೆಯಿಂದ' ಎಂದು ಶುರುಮಾಡಿ ರಮಾನಾಥರು ದುಂಡಗೆ ಬರೆದುಕೊಟ್ಟರು. ಸಾಹೇಬರ ಪತ್ರ ಓಖ್ಲಾಕ್ಕೆ ಹೋಯಿತು, ಲಾವಣ್ಯಾ ಅರ್ಧ ಗಂಟೆಯಲ್ಲಿ ಎಲ್ಲ ಬಾಯಿಗಳನ್ನೂ ಸ್ವಸ್ಥಾನಕ್ಕೆ ತಂದಳು.

ನಿವೃತ್ತಿಯ ದಿನ ಹಾರ, ಸಮೋಸಗಳ ಜೊತೆ ಪುಸ್ತಕವೂ ಕೈಗೆ ಬಂತು. ಬಸ್ಸಿನಲ್ಲಿ ಅವರು ಒಂದೊಂದೇ ಬಾಯಿ ಪರೀಕ್ಷಿಸಿದರು. ಎಲ್ಲ ಸರಿಯಾಗಿತ್ತು. ಮೊದಲ ಪುಟದಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ಅದು ಮುನ್ನುಡಿಯಲ್ಲಿತ್ತು: 'ಚಿತ್ರಕಾರ ರಮಾನಾಥರ ದೋಷಗಳನ್ನು ಕೊನೆ ಗಳಿಗೆಯಲ್ಲಿ ತಿದ್ದಬೇಕಾಗಿ ಬಂದು ಈ ಕೈಪಿಡಿ ತಡವಾಯಿತು.' ನೋವಾಯಿತು. ಇಳಿಯಬೇಕಾದ ಸ್ಟಾಪು ದಾಟಿದ್ದೂ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮಣ್ಣಿ ಓದಿ ಕನ್ನಡಕ ತೆಗೆದಿಟ್ಟರು. "ಮೂವತ್ತೊಂದು ವರ್ಷಕ್ಕೆ ಕೊಟ್ಟಿದ್ದು ಇದಾ? ಇದನ್ನ ಯಾರಿಗೇಂತ ತೋರಿಸ್ಲಿ ರೀ?"

"ಮುನ್ನುಡಿ ಯಾರೂ ಓದಲ್ಲ ಕಣೇ. ಚಿತ್ರ ಎಲ್ಲರೂ ನೋಡ್ತಾರೆ."

ಅಮ್ಮಣ್ಣಿ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋದರು. ಭಾನುವಾರ ಸಂಘದಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಯಿತು, ಹೆಂಗಸರು ಚಿತ್ರಗಳನ್ನು ಹೊಗಳಿದರು. ಮುನ್ನುಡಿಯ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದನ್ನು ಅವರಲ್ಲಿ ಸುಶೀಲಮ್ಮನವರೊಬ್ಬರೇ ಗಮನಿಸಿದ್ದು. ಬಿಡಿಸಲು ಹೋದಾಗ ಅವರ ಉಗುರಿಗೆ ಒಣಗಿದ ಅನ್ನದ ಅಗುಳು ಸಿಕ್ಕಿತು.