ಗಂಟಲೊಳಗಿನ ನರಹುಲಿ

ಎಪ್ಪತ್ತರ ದಶಕದ ಮಾತು. ಐದು ವರ್ಷದ ಮಗಳ ಗಂಟಲಿಗೆ ನಾಲ್ಕನೇ ಸಲ ಆಪರೇಷನ್ ಮಾಡಿಸಿ ಮೈಸೂರಿನ ರೈಲಿನಿಂದ ಮದ್ದೂರಿನಲ್ಲಿ ಇಳಿದೆ. ಒಳಗೆ ವೈರಸ್ಸಿನಿಂದ ನರಹುಲಿ ಬೆಳೆದು ದನಿ ಕಟ್ಟಿದೆ, ಕತ್ತರಿಸಿದರೂ ಮತ್ತೆ ಬರುತ್ತದೆ ಎಂದಿದ್ದರು ಡಾಕ್ಟರು.

ನರಹುಲಿಗೆ ನಮ್ಮಲ್ಲಿ ಕುದುರೆ ಬಾಲದ ಕೂದಲು ಬಿಗಿದು ಕಟ್ಟುತ್ತಾರೆ. ನನ್ನ ಬೆರಳಿನದು ಹಾಗೇ ಉದುರಿತ್ತು. ಸ್ಟೇಷನ್ ಮುಂದಿದ್ದ ಜಟಕಾ ಸಾಬರನ್ನು ಒಂದು ಕೂದಲು ಕೇಳಿದೆ.

ಕಿತ್ತುಕೊಟ್ಟು, "ಎಲ್ಲೈತಮ್ಮ ನರೂಲಿ?" ಅಂದರು.

ಮಗಳ ಗಂಟಲು ತೋರಿಸಿದೆ.

"ಗಂಟ್ಲೊಳಗೆ ಎಂಗಮ್ಮ ಕಟ್ತೀಯ?" ಅಂದು ಮುಖ ತಿರುಗಿಸಿದರು. ನಾನೊಬ್ಬಳು ಹುಚ್ಚಿ, ಅವಳ ಕತ್ತಿಗೇ ಸುತ್ತಿದೆ.

ಮುಂದಿನ ಸಲ ಡಾಕ್ಟರು ನನ್ನ ಬೆರಳಿನ ಕತೆ ಕೇಳಿ, ಆ ಕೂದಲನ್ನು ಬಿಚ್ಚುತ್ತಾ ಹೇಳಿದರು: "ನಿಮ್ಮದು ಕೂದಲಿನಿಂದ ಉದುರಲಿಲ್ಲಮ್ಮ. ನಿಮ್ಮ ಮೈಯೇ ವೈರಸ್ಸನ್ನು ಗುರುತು ಹಿಡಿದು ಓಡಿಸಿತು. ಇವಳ ಮೈಗೆ ಆ ಗುರುತೇ ಹತ್ತುತ್ತಿಲ್ಲ."

"ಅಂಗಾದ್ರೆ ನನ್ ರಕ್ತನೇ ಏರ್ಸಿ ಇವ್ಳಿಗೆ!"

"ಅದು ಹಾಗೆ ಬರೋದಲ್ಲಮ್ಮ."

ನನ್ನ ಮೂಗು, ನನ್ನ ಮುಂಗೋಪ ಎಲ್ಲ ಹೊತ್ತು ಹುಟ್ಟಿದವಳು ಇದೊಂದನ್ನು ನನ್ನಿಂದ ತಂದಿರಲಿಲ್ಲ. ಮತ್ತೆ ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಅವಳು ಕಿರುಚಲು ಬಾಯಿ ತೆರೆದಳು, ಬರೀ ಗಾಳಿ ಬಂತು. ಅವಳ ಪಾಲಿನದನ್ನೂ ಸೇರಿಸಿ ನಾನೇ ಕಿರುಚಿದೆ.