ಬೇರೆ ಮನೆಯಲ್ಲಿ ಬೆಳೆದ ಅವಳಿ

ಅವಳಿ ಹೆಣ್ಣುಮಕ್ಕಳಿಗೆ ವರ್ಷ ತುಂಬುವ ಮೊದಲೇ ತಾಯಿ ಗೋಡೆಗೆ ಮುಖ ಮಾಡಿ ಮಲಗಿದವಳು ಮತ್ತೆ ಏಳಲಿಲ್ಲ. ಊಟ ಬಿಟ್ಟು ಸತ್ತಳು. ಚಮ್ಸುನ್‌ಳನ್ನು ಜುಮುನ್ಜಿನ್ ಬಂದರಿನ ಸೋದರತ್ತೆ ಎತ್ತಿಕೊಂಡು ಹೋದಳು. ಬೊಂಗ್ಹಿ ತೆಬೆಕ್‌ನ ಕಲ್ಲಿದ್ದಲು ಗಣಿಯೂರಿನಲ್ಲಿ ಅಜ್ಜಿಯ ಪಾಲಾದಳು.

ಅತ್ತೆಯ ಮನೆಯಲ್ಲಿ ಬೊಂಡಾಸ್ ಮೀನು ಸೀಳುವ ಹೆಂಗಸರು ದಿನವಿಡೀ ಬೈದಾಡುತ್ತ, ನಗುತ್ತ ಕೂತಿರುತ್ತಿದ್ದರು. ಬೊಂಗ್ಹಿಯ ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ. ವರ್ಷಕ್ಕೊಮ್ಮೆ ತಾಯಿಯ ಗೋರಿಯ ಹುಲ್ಲು ಕೊಯ್ಯಲು ಇಬ್ಬರೂ ಸೇರುತ್ತಿದ್ದರು. ಅದೇ ಮೂಗು, ಅದೇ ನಡಿಗೆ, ಮಾತು ನಿಂತಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಡುವ ಅದೇ ಚಾಳಿ.

ಚಮ್ಸುನ್ ಬಂದರಿನಲ್ಲೇ ಮದುವೆಯಾಗಿ, ಮೀನು ಸೀಳುವವರ ಜೊತೆಗೇ ಕೆಲಸಕ್ಕೆ ಕೂತಳು. ಮೂವತ್ತೇಳನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಚಮ್ಸುನ್‌ಗೆ ಏಳಲಾಗಲಿಲ್ಲ. ಮೂರು ದಿನ ಕೆಲಸಕ್ಕೆ ಬಾರದಿದ್ದಾಗ ಸೋದರತ್ತೆಯ ಮಗಳು ಮಲ್ಜಾ ರಬ್ಬರ್ ಬೂಟಿನಲ್ಲೇ ಕೋಣೆಗೆ ನುಗ್ಗಿದಳು.

"ಏಳೇ ಮಹಾರಾಣಿ! ನಿನ್ನ ಪಾಲಿನ ಮೀನು ನಾನು ಸೀಳ್ಬೇಕಾ?"

ಚಮ್ಸುನ್ ತಿರುಗಲಿಲ್ಲ. ಮಲ್ಜಾಳ ದನಿ ಇಳಿಯಿತು. "ಏನಾಯ್ತೇ? ನಿಮ್ಮಮ್ಮನೂ ಹೀಗೇ ಮಲಗಿದ್ದು ಅಂತ ನಮ್ಮಮ್ಮ ಹೇಳ್ತಿದ್ಲು. ನಾನು ಬಿಡಲ್ಲ."

ಬೆನ್ನಿಗೆ ಹೇರಿಕೊಂಡ ಹಾಗೆ ಬಸ್ ಹತ್ತಿಸಿ ಊರಾಚೆಯ ಆಸ್ಪತ್ರೆಗೆ ಕರೆದೊಯ್ದಳು. ಇದು ಮನಸ್ಸಿನ ಕಾಯಿಲೆ, ರಕ್ತದಲ್ಲಿ ಬರುವುದುಂಟು, ಬಂದವರೆಲ್ಲ ಸಾಯಬೇಕೆಂದಿಲ್ಲ ಎಂದರು ಡಾಕ್ಟರು. ಮಾತ್ರೆ ಶುರುವಾಯಿತು. ಗಂಡನ ಮನೆಯವರ ಮುಂದೆ ಮಾತ್ರ ಇಬ್ಬರೂ ಹೊಟ್ಟೆನೋವಿನ ಮಾತ್ರೆ ಎಂದರು. ಚಮ್ಸುನ್‌ಳ ಮಗಳು ಬೆಳೆಯುತ್ತಿದ್ದಳು, ನಾಳೆ ಸಂಬಂಧ ನೋಡುವವರು ತಾಯಿಯ ಕಡೆಯ ರಕ್ತವನ್ನೂ ವಿಚಾರಿಸುತ್ತಾರೆ.

ಮುಂದಿನ ವಸಂತದಲ್ಲಿ ಬೊಂಗ್ಹಿಯ ಫೋನ್ ಬಂತು. ಅಜ್ಜಿ ಹೋಗಿ ವರ್ಷಗಳಾಗಿದ್ದವು. ಗಣಿ ಮುಚ್ಚಿ, ಅವಳ ಸಾಲಿನ ಮನೆಗಳೆಲ್ಲ ಖಾಲಿಯಾಗಿದ್ದವು.

"ಅಕ್ಕಾ, ಬೆಳಿಗ್ಗೆ ಕಣ್ಣು ಬಿಟ್ರೆ ಕೈಕಾಲು ನನ್ನವೇ ಅಲ್ಲ ಅನ್ಸತ್ತೆ. ನಿಂಗೂ ಹೀಗಾಗತ್ತಾ?"

ಚಮ್ಸುನ್‌ಳ ಬೆನ್ನ ಹಿಂದೆ ಗಂಡನ ತಾಯಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

"ಇಲ್ಲ ಕಣೆ, ನಂಗೇನಾಗಿದೆ? ಚೆನ್ನಾಗಿ ಊಟ ಮಾಡು."

"ಹಾಗಾದ್ರೆ ನಂಗೊಬ್ಬಳಿಗೇ ಇರ್ಬೇಕು ಬಿಡು," ಎಂದು ಬೊಂಗ್ಹಿ ಫೋನ್ ಇಟ್ಟಳು.

ಜುಲೈನಲ್ಲಿ ಪೊಲೀಸರು ಕರೆದರು. ಬೊಂಗ್ಹಿ ಊಟ ನೀರು ಬಿಟ್ಟು ಸತ್ತು ಎಂಟು ದಿನವಾಗಿತ್ತು. ಮೀಟರ್ ನೋಡಲು ಬಂದವನು ಬಾಗಿಲು ಬಡಿಯುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಚಮ್ಸುನ್ ಮಲ್ಜಾಳ ಜೊತೆ ಹೋಗಿ ಕೋಣೆ ಖಾಲಿ ಮಾಡಿದಳು. ಹಾಸಿಗೆಯ ಪಕ್ಕದ ಗೋಡೆಕಾಗದ ಮಲಗಿದವಳ ಮುಖದೆತ್ತರಕ್ಕೆ ಎಣ್ಣೆಗಟ್ಟಿ ಸವೆದಿತ್ತು. ತನ್ನ ಕೋಣೆಯಲ್ಲೂ ಅಂಥದ್ದೇ ಗುರುತಿದೆ ಎಂದು ಅವಳಿಗೆ ಗೊತ್ತಿತ್ತು.

"ನಾನು ಹೂಂ ಅಂದಿದ್ರೆ ಬದುಕ್ತಿದ್ಲು," ಎಂದಳು.

ಮಲ್ಜಾ ಚಾಪೆ ಸುತ್ತುತ್ತ, "ಆ ತುದಿ ಹಿಡ್ಕೊ," ಎಂದಳಷ್ಟೆ.

ಬೂದಿಯನ್ನು ತಾಯಿಯ ಗೋರಿಯ ಬಳಿ ಹೂತು ಬಂದ ಮೇಲೆ ಚಮ್ಸುನ್ ಗಂಡನ ತಾಯಿಯೆದುರೇ ಮಾತ್ರೆ ಯಾವ ಕಾಯಿಲೆಗೆಂದು ಹೇಳಿದಳು. ಅತ್ತೆ ಮೂರು ತಿಂಗಳು ಅವಳು ಬಡಿಸಿದ್ದನ್ನು ಮುಟ್ಟಲಿಲ್ಲ. ಮಗಳು ಕೇಳಿದಳು, "ಅಮ್ಮ, ನಂಗೂ ಬರತ್ತಾ?"

"ಬರಬಹುದು. ಬಂದ್ರೆ ಮೊದಲ ದಿನವೇ ನನಗೆ ಹೇಳು."

ಚಮ್ಸುನ್ ಈಗಲೂ ಬಂದರಿನಲ್ಲಿ ಮೀನು ಸೀಳುತ್ತಾಳೆ. ಕೆಲವು ಬೆಳಿಗ್ಗೆ ಬರುವುದಿಲ್ಲ. ಆಗ ಹೆಂಗಸರಲ್ಲಿ ಒಬ್ಬಳು ಕೈ ತೊಳೆದುಕೊಂಡು ಅವಳ ಮನೆಯ ಕಡೆ ಹೊರಡುತ್ತಾಳೆ.