ಎಡಕ್ಕೆ ಬಿದ್ದ ಹೂವು

ಶೆಟ್ಟಿಹಳ್ಳಿಯ ಪುಟ್ಟರಂಗಯ್ಯ ಸತ್ಯಮಂಗಲದ ಶೆಡ್ಡೊಂದರಲ್ಲಿ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವವನು. ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ಫೋನಿನಲ್ಲಿ ಪೋಕರ್ ಇಸ್ಪೀಟು ಆಡುವುದು ಅವನಿಗಿದ್ದ ಒಂದೇ ಸುಖ. ದುಡ್ಡಿನಾಟವಲ್ಲ, ಪಣಕ್ಕೆ ಬರೀ ಸುಳ್ಳು ಬಿಲ್ಲೆ, ಚಿಪ್ಸು. ಗುಬ್ಬಿಯಿಂದ ಕುಣಿಗಲ್‌ವರೆಗೆ ಐದಾರು ಗೆಳೆಯರ ಟೇಬಲ್ಲು. ಅದನ್ನು ಅವನು ಕೋರ್ಟಿಗಿಂತ ಬಿಗಿಯಾಗಿ ನಡೆಸುತ್ತಿದ್ದ. ಆಡುವಾಗ ಇನ್ನೊಬ್ಬರ ಸಹಾಯ ಪಡೆದವನು ಒಂದು ವರ್ಷ ಹೊರಗೆ. ಪಕ್ಕದಲ್ಲಿ ಕೂತು ಯಾರೂ ಹೇಳಿಕೊಡದಂತೆ, ಆಟ ಮುಗಿಯುವವರೆಗೂ ಎಲ್ಲರೂ ಗ್ರೂಪ್ ಕಾಲ್‌ನಲ್ಲಿ ಮೈಕ್ ಬಿಟ್ಟುಕೊಂಡೇ ಇರಬೇಕು.

ಹೋದ ತಿಂಗಳು ಹೆಂಡತಿಯ ತಮ್ಮ, ಕುಣಿಗಲ್ಲಿನ ರವೀಶ, ಗೆಲುವಿನ ಲೆಕ್ಕ ಹೇಳುವ ಆಪ್ ಇಟ್ಟುಕೊಂಡು ಆಡಿ ಸಿಕ್ಕಿಬಿದ್ದ. "ಯಂತ್ರದ ಕೈಲಿ ಆಡಿಸ್ಕೊಂಡು ಮೀಸೆ ತಿರುವ್ತೀಯೇನ್ಲಾ?" ಎಂದು ಪುಟ್ಟರಂಗಯ್ಯನೇ ಬೈದು ಆಚೆ ಹಾಕಿದ್ದ.

ಈ ಭಾನುವಾರ ಕೊನೆಗೆ ಇಬ್ಬರೇ ಉಳಿದರು. ಪುಟ್ಟರಂಗಯ್ಯನ ಕೈಯಲ್ಲಿ ಎರಡು ರಾಜ. ಗುಬ್ಬಿಯ ಹೋಟೆಲ್ ನರಸಿಂಹಯ್ಯ ತನ್ನ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದ. ತಾನೂ ಎಲ್ಲ ಕಟ್ಟುವುದೋ, ಎಲೆ ಕೆಳಗಿಟ್ಟು ಈ ಸುತ್ತು ಬಿಡುವುದೋ ಎಂದು ಪುಟ್ಟರಂಗಯ್ಯ ಒದ್ದಾಡಿದ. ನೋಡಲಾರದೆ ಹೆಂಡತಿ ಮಹಾಲಕ್ಷ್ಮಮ್ಮ ದೇವರ ಪಟಕ್ಕೆ ಕೈಮುಗಿದಳು. ಬಲಕ್ಕೆ ಹೂ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಸೈಟು ಕೊಳ್ಳುವುದಕ್ಕೂ ಹೆಣ್ಣು ತರುವುದಕ್ಕೂ ಆ ಮನೆಯಲ್ಲಿ ಹೀಗೇ ಕೇಳುವುದು.

"ಎಡಕ್ಕೆ ಬಿತ್ತು, ಬುಡಿ," ಎಂದಳು.

ಬೆರಳು ತಾನಾಗಿಯೇ ಎಲೆ ಕೆಳಗಿಟ್ಟುಬಿಟ್ಟಿತು. ನರಸಿಂಹಯ್ಯ ಬೀಗುತ್ತ ತನ್ನದನ್ನು ತೋರಿಸಿದ: ರಾಜನನ್ನೂ ಹೊಡೆಯುವ ಎರಡು ಎಕ್ಕ. ಬಚಾವಾದ ಪುಟ್ಟರಂಗಯ್ಯ ಹತ್ತೇ ನಿಮಿಷದಲ್ಲಿ ಆಟ ಗೆದ್ದ.

"ಪುಟ್ಟರಂಗಣ್ಣ, ಎಡಕ್ಕೆ ಬಿದ್ದಿದ್ದೇನು?" ಎಂದು ನರಸಿಂಹಯ್ಯ ಕೇಳಿದ.

"ಹೂವು."

"ಯಾರು ಕೊಟ್ಟಿದ್ದು?"

"ಮನೆದೇವ್ರು. ದೇವ್ರುನ್ನೂ ಆಪ್ ಅಂತೀಯೇನಯ್ಯ?"

ನರಸಿಂಹಯ್ಯ ರವೀಶನನ್ನೇ ಕಾಲ್‌ಗೆ ಸೇರಿಸಿ ನಡೆದದ್ದನ್ನು ಹೇಳಿದ.

"ಭಾವ, ನನ್ ಆಪು ಬರೀ ಲೆಕ್ಕ ಹೇಳದು," ಎಂದ ರವೀಶ. "ಎದುರಿನವ್ನ ಕೈಲಿ ಏನದೆ ಅಂತ ಅದಕ್ಕೆ ಗೊತ್ತಿಲ್ಲ. ನಿಮ್ ದೇವ್ರಿಗೆ ಗೊತ್ತಿತ್ತೋ ಇಲ್ವೋ?"

ಪುಟ್ಟರಂಗಯ್ಯ ಲೆಕ್ಕ ಹಾಕಿದ. ಗೊತ್ತಿತ್ತು ಎಂದರೆ ಎದುರಾಳಿಯ ಎಲೆ ಇಣುಕಿದಂತೆ, ಟೇಬಲ್ಲಿನಿಂದ ಹೊರಗೆ. ಗೊತ್ತಿರಲಿಲ್ಲ ಎಂದರೆ ಮನೆಯಿಂದ ಹೊರಗೆ. ಮಹಾಲಕ್ಷ್ಮಮ್ಮ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ದೇವ್ರಿಗೆ ಗೊತ್ತಿಲ್ದೆ ಇರದು ಏನದೆ ಬುಡ್ಲಾ," ಎಂದವನೇ ಗ್ರೂಪಿನಿಂದ ತನ್ನ ಹೆಸರನ್ನು ತಾನೇ ತೆಗೆದ. ಆಮೇಲೆ ಫೋನಿಗೂ ಎರಡು ಬೈದ.

ಈಗ ಭಾನುವಾರಗಳಂದು ಹೊರಗಾದವರಿಬ್ಬರೇ ಆಡುತ್ತಾರೆ. ರವೀಶ ಬಸ್ಸಿನಲ್ಲಿ ಬಂದು, ಆಪ್ ಅಳಿಸಿದ ಫೋನು ತೋರಿಸಿ ಎದುರಿಗೆ ಕೂರುತ್ತಾನೆ. ದೇವರ ಕೋಣೆ ಮುಚ್ಚಿರಬೇಕೆಂಬುದು ಅವನ ಷರತ್ತು. ಪುಟ್ಟರಂಗಯ್ಯ ಶೆಡ್ಡಿನಲ್ಲಿ ಕಬ್ಬಿಣದ ಚಿಲಕ ಮಾಡಿ ತಂದು ಹೊರಗಿನಿಂದ ಕೂರಿಸಿದ.

"ಚಿಲ್ಕ ಹಾಕಿದ್ರೆ ದೇವ್ರಿಗೆ ಕಾಣಲ್ವ?" ಎಂದಳು ಮಹಾಲಕ್ಷ್ಮಮ್ಮ.

"ಕಾಣ್ತದೆ ಕಣೇ. ನಿಂಗೆ ಹೂ ಕೊಟ್ಟು ಹೇಳಕ್ಕಾಗಲ್ಲ, ಅಷ್ಟೆ."